ನ್ಯಾನೋ ಲೇಪನ ಹಚ್ಚಿದರೆ ಮೆದುಳಿನ ಎಲೆಕ್ಟ್ರೋಡ್ ಸರಿಹೋಗುತ್ತಾ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಆರನೇ ಸೆಮಿಸ್ಟರ್‌ನಲ್ಲಿದ್ದೇನೆ. ಮೆದುಳಿಗೆ ಹಾಕುವ ಚಿಪ್‌ಗಳ ಸುದ್ದಿ ಓದಿದಾಗೆಲ್ಲ ಗ್ರಾಫೀನ್, ಕಾರ್ಬನ್ ನ್ಯಾನೋಟ್ಯೂಬ್ ಅಂತ ಹೆಸರು ಕಾಣುತ್ತದೆ. ಈ ನ್ಯಾನೋ ವಸ್ತುಗಳು ಅಲ್ಲಿ ನಿಜವಾಗಿ ಏನು ಮಾಡುತ್ತವೆ? ತಯಾರಿಸುವ ಮೊದಲು ಕಂಪ್ಯೂಟರ್‌ನಲ್ಲಿ ಮಾಡೆಲ್ ಮಾಡುತ್ತಾರಂತೆ, ಅದರಿಂದ ಏನು ಗೊತ್ತಾಗುತ್ತದೆ? ನನ್ನಂಥವಳು ಎಲ್ಲಿಂದ ಶುರು ಮಾಡಬಹುದು?

ಉತ್ತರ: ನ್ಯಾನೋ ವಸ್ತುವಿನ ಮುಖ್ಯ ಕೆಲಸ ಇಲ್ಲಿ ಒಂದೇ. ಎಲೆಕ್ಟ್ರೋಡ್‌ನ (ಮೆದುಳನ್ನು ಮುಟ್ಟಿ ಸಿಗ್ನಲ್ ಹಿಡಿಯುವ ಅಥವಾ ಕರೆಂಟ್ ಕೊಡುವ ತುದಿಯ) ಗಾತ್ರ ಹೆಚ್ಚಿಸದೆ ಅದರ ಮೇಲ್ಮೈಯನ್ನು ಹೆಚ್ಚಿಸುವುದು. ಆ ಕೆಲಸವನ್ನು ಅದು ತುಂಬಾ ಚೆನ್ನಾಗಿ ಮಾಡುತ್ತದೆ. ಆದರೆ ಮೆದುಳಿನೊಳಗೆ ಇಟ್ಟ ಸಾಧನ ಕೆಡುವುದು ಹೆಚ್ಚಾಗಿ ಬೇರೆ ಕಾರಣಗಳಿಗೆ. ಗಟ್ಟಿ ವಸ್ತು ಮೆತ್ತನೆಯ ಮೆದುಳಿಗೆ ಉಜ್ಜುತ್ತದೆ. ಪದರಗಳ ನಡುವೆ ನೀರು ನುಗ್ಗುತ್ತದೆ. ಹಚ್ಚಿದ ಲೇಪನ ಕಿತ್ತು ಬರುತ್ತದೆ. ಗ್ರಾಫೀನ್ (ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ) ಬಳಸಿದ ಮಾತ್ರಕ್ಕೆ ಇವು ಹೋಗುವುದಿಲ್ಲ. ಇದನ್ನು ಸುಮ್ನೆ ನಂಬಬೇಕಾಗಿಲ್ಲ, ಪೆನ್ನು ಹಿಡಿದು ಲೆಕ್ಕ ಹಾಕಿದರೆ ನಿಮಗೇ ಕಾಣುತ್ತದೆ. ಕಂಪ್ಯೂಟರ್ ಮಾಡೆಲ್ ಮಾಡುವುದೂ ಅದೇ ಲೆಕ್ಕವನ್ನು, ಇನ್ನಷ್ಟು ವಿವರವಾಗಿ.

ಎಲೆಕ್ಟ್ರೋಡ್ ಸಣ್ಣದಾಗಿರಬೇಕು ಯಾಕೆ ಅನ್ನುವುದನ್ನು ಮೊದಲು ನೋಡೋಣ. ಪಾರ್ಕಿನ್ಸನ್ ರೋಗಕ್ಕೆ ಮೆದುಳಿನ ಆಳಕ್ಕೆ ಇಳಿಸುವ ಎಲೆಕ್ಟ್ರೋಡ್ ಸುಮಾರು 1.27 ಮಿಲಿಮೀಟರ್ ದಪ್ಪ, ಅದರ ಒಂದೊಂದು ಲೋಹದ ಬಳೆ 1.5 ಮಿಲಿಮೀಟರ್ ಎತ್ತರ. ಒಂದು ಇಡೀ ಪ್ರದೇಶಕ್ಕೆ ವಿದ್ಯುತ್ ಕೊಡಲು ಅದು ಸಾಕು. ಆದರೆ ಒಂದೊಂದೇ ನರಕೋಶದ ಮಿಡಿತವನ್ನು ಬೇರೆ ಬೇರೆಯಾಗಿ ಹಿಡಿಯಲು ಅದರಿಂದ ಆಗದು. ನರಕೋಶದ ದೇಹ ಸಾಮಾನ್ಯವಾಗಿ 10ರಿಂದ 20 ಮೈಕ್ರೋಮೀಟರ್ ಅಗಲ. ಅದರ ಮಿಡಿತ ಹಿಡಿಯಲು ಎಲೆಕ್ಟ್ರೋಡ್ ಸುಮಾರು 100 ಮೈಕ್ರೋಮೀಟರ್ ಒಳಗಿರಬೇಕು, ಅಳತೆಯೂ ಕೋಶದ ಆಸುಪಾಸಿನಲ್ಲೇ ಇರಬೇಕು. ಯೂಟಾ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ನಾರ್ಮನ್ ತಂಡ ಮಾಡಿದ ಸಿಲಿಕಾನ್ ಅರೇಯಲ್ಲಿ 4 ಮಿಲಿಮೀಟರ್ ಚೌಕದಲ್ಲಿ 100 ಸೂಜಿಗಳಿವೆ, ಒಂದರಿಂದ ಇನ್ನೊಂದಕ್ಕೆ 400 ಮೈಕ್ರೋಮೀಟರ್. 2004ರಲ್ಲಿ ಬ್ರೇನ್‌ಗೇಟ್ ಪ್ರಯೋಗದಲ್ಲಿ ಪಾರ್ಶ್ವವಾಯು ಪೀಡಿತರೊಬ್ಬರು ಯೋಚನೆಯಿಂದಲೇ ಕರ್ಸರ್ ಸರಿಸಿದ್ದು ಇದರಿಂದಲೇ. 2017ರಲ್ಲಿ ಬಂದ ನ್ಯೂರೋಪಿಕ್ಸೆಲ್ಸ್‌ನಲ್ಲಿ 10 ಮಿಲಿಮೀಟರ್ ಉದ್ದದ ಒಂದೇ ಕಡ್ಡಿಯ ಮೇಲೆ 960 ಎಲೆಕ್ಟ್ರೋಡ್‌ಗಳಿವೆ. ಒಂದೊಂದೂ 12 ಮೈಕ್ರೋಮೀಟರ್ ಚೌಕ.

ಸಣ್ಣದು ಮಾಡಿದ ಕೂಡಲೇ ತೊಂದರೆ ಶುರುವಾಗುತ್ತದೆ. 20 ಮೈಕ್ರೋಮೀಟರ್ ವ್ಯಾಸದ ಒಂದು ನುಣುಪಾದ ಲೋಹದ ಬಿಲ್ಲೆ ತೆಗೆದುಕೊಳ್ಳಿ. ಲೋಹ ಉಪ್ಪುನೀರನ್ನು ಮುಟ್ಟುವ ಕಡೆ ಅಯಾನುಗಳು ಸಾಲುಗಟ್ಟಿ ಒಂದು ಕೆಪಾಸಿಟರ್ ತಾನಾಗಿ ಹುಟ್ಟಿಕೊಳ್ಳುತ್ತದೆ. ಅದರ ಬೆಲೆ ಒಂದು ಚದರ ಸೆಂಟಿಮೀಟರ್‌ಗೆ ಸುಮಾರು 20 ಮೈಕ್ರೋಫ್ಯಾರಡ್ ಅಂತ ಇಟ್ಟುಕೊಳ್ಳೋಣ. ನಮ್ಮ ಬಿಲ್ಲೆಗೆ ಸಿಗುವುದು ಬರೀ 63 ಪಿಕೋಫ್ಯಾರಡ್. 1 ಕಿಲೋಹರ್ಟ್ಸ್‌ನಲ್ಲಿ ಅದರ ಇಂಪೀಡೆನ್ಸ್, ಅಂದರೆ ಏರಿಳಿಯುವ ಕರೆಂಟ್ ಹರಿಯಲು ಇರುವ ಒಟ್ಟು ಅಡ್ಡಿ, ಎರಡೂವರೆ ಮೆಗಾಓಮ್. ಕೋಶದಿಂದ ಬರುವ ಸಿಗ್ನಲ್ಲೋ ಕೆಲವು ಹತ್ತು ಮೈಕ್ರೋವೋಲ್ಟ್, ಹೆಚ್ಚೆಂದರೆ ಕೆಲವು ನೂರು. ಇಂಪೀಡೆನ್ಸ್ ಇಷ್ಟಿದ್ದರೆ ಆ ಸಿಗ್ನಲ್‌ನ ಒಂದು ಪಾಲು ತಂತಿಯ ಸೋರುವ ಕೆಪಾಸಿಟೆನ್ಸ್‌ನಲ್ಲೇ ಕಳೆದುಹೋಗುತ್ತದೆ. ಜೊತೆಗೆ ಶಾಖದಿಂದ ಹುಟ್ಟುವ ಗದ್ದಲವೂ ಇದೆ. ಇಂಪೀಡೆನ್ಸ್‌ನಲ್ಲಿ ನಿಜವಾದ ರೆಸಿಸ್ಟೆನ್ಸ್‌ನ ಪಾಲು 1 ಮೆಗಾಓಮ್ ಇದ್ದರೆ, 10 ಕಿಲೋಹರ್ಟ್ಸ್ ಬ್ಯಾಂಡ್‌ನಲ್ಲಿ, ದೇಹದ ಉಷ್ಣತೆಯಲ್ಲಿ, ಸುಮಾರು 13 ಮೈಕ್ರೋವೋಲ್ಟ್ ಗದ್ದಲ ಬರುತ್ತದೆ. 50 ಕಿಲೋಓಮ್ ಆದರೆ 3 ಮೈಕ್ರೋವೋಲ್ಟ್‌ಗೆ ಇಳಿಯುತ್ತದೆ. ದೂರದ ಕೋಶದ ಸಣ್ಣ ಮಿಡಿತ ಕಾಣುತ್ತದೋ ಇಲ್ಲವೋ ಅನ್ನುವುದು ಈ ವ್ಯತ್ಯಾಸದ ಮೇಲೇ ನಿಂತಿದೆ.

ನ್ಯಾನೋ ವಸ್ತು ಕೆಲಸಕ್ಕೆ ಬರುವುದು ಇಲ್ಲಿ. ಒಂದೇ ಅಳತೆಯ ಪಂಚೆಗಿಂತ ಟರ್ಕಿ ಟವೆಲ್ ಜಾಸ್ತಿ ನೀರು ಹೀರುತ್ತದೆ, ಅಲ್ವಾ? ಹಾಗೆಯೇ, ಬಿಲ್ಲೆಯ ಮೇಲೆ ಪ್ಲಾಟಿನಮ್‌ನ ನ್ಯಾನೋ ಕಣಗಳನ್ನು ಕೂರಿಸಿದರೆ, ಟೈಟಾನಿಯಮ್ ನೈಟ್ರೈಡ್ ಅನ್ನು ಒರಟಾದ ಕಂಬಗಳ ಹಾಗೆ ಬೆಳೆಸಿದರೆ, ಕಾರ್ಬನ್ ನ್ಯಾನೋಟ್ಯೂಬ್‌ಗಳನ್ನು ಹಚ್ಚಿದರೆ, ಅಷ್ಟೇ ಜಾಗದಲ್ಲಿ ಉಪ್ಪುನೀರು ಮುಟ್ಟುವ ಮೈ ಹತ್ತಾರು ಪಟ್ಟು ಹೆಚ್ಚುತ್ತದೆ. ಪೆಡಾಟ್ ಅನ್ನುವ ವಾಹಕ ಪಾಲಿಮರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಯಾನುಗಳು ಅದರ ಮೇಲ್ಮೈಯಲ್ಲಿ ನಿಲ್ಲುವುದಿಲ್ಲ, ಒಳಗೇ ಇಳಿಯುತ್ತವೆ. ಅದರ ಕೆಪಾಸಿಟೆನ್ಸ್ ಒಂದು ಘನ ಸೆಂಟಿಮೀಟರ್‌ಗೆ ಸುಮಾರು 40 ಫ್ಯಾರಡ್. ಕಾಲು ಮೈಕ್ರೋಮೀಟರ್ ದಪ್ಪ ಹಚ್ಚಿದರೆ ಚದರ ಸೆಂಟಿಮೀಟರ್‌ಗೆ 1 ಮಿಲಿಫ್ಯಾರಡ್ ಆಯಿತು, ಅಂದರೆ ನುಣುಪು ಲೋಹದ 50 ಪಟ್ಟು. ಎರಡೂವರೆ ಮೆಗಾಓಮ್ ಇದ್ದದ್ದು 50 ಕಿಲೋಓಮ್‌ಗೆ ಇಳಿಯಿತು.

ಹಾಗಾದರೆ 500 ಪಟ್ಟು ಮಾಡಿದರೆ ಇನ್ನೂ ಹತ್ತು ಪಟ್ಟು ಇಳಿಯಬೇಕಲ್ಲ? ಇಳಿಯುವುದಿಲ್ಲ. ಎಲೆಕ್ಟ್ರೋಡ್ ಎಷ್ಟೇ ಒಳ್ಳೆಯದಿರಲಿ, ಕರೆಂಟ್ ಅದರಿಂದ ಹೊರಟು ಮೆದುಳಿನೊಳಗೆ ಹರಡಬೇಕು. ಆ ಹರಡುವ ದಾರಿಗೂ ರೆಸಿಸ್ಟೆನ್ಸ್ ಇದೆ. ಬಿಲ್ಲೆಯಾಕಾರದ ಎಲೆಕ್ಟ್ರೋಡ್‌ಗೆ ಅದರ ಲೆಕ್ಕ ಸುಲಭ: ಸುತ್ತಲಿನ ವಾಹಕತೆ, ಬಿಲ್ಲೆಯ ತ್ರಿಜ್ಯ, 4, ಈ ಮೂರನ್ನು ಗುಣಿಸಿ, ಬಂದದ್ದರಿಂದ 1ನ್ನು ಭಾಗಿಸಿ. ಮೆದುಳಿನ ಬೂದು ಭಾಗದ ವಾಹಕತೆ ಮೀಟರ್‌ಗೆ ಸುಮಾರು 0.3 ಸೀಮೆನ್ಸ್. 10 ಮೈಕ್ರೋಮೀಟರ್ ತ್ರಿಜ್ಯಕ್ಕೆ 83 ಕಿಲೋಓಮ್ ಬರುತ್ತದೆ. ಇದು ತಳ. ಪ್ರಪಂಚದ ಯಾವ ನ್ಯಾನೋ ಲೇಪನವೂ ಇದರ ಕೆಳಗೆ ಇಳಿಸಲಾರದು, ಯಾಕೆಂದರೆ ಈ ರೆಸಿಸ್ಟೆನ್ಸ್ ಇರುವುದು ಲೇಪನದಲ್ಲಲ್ಲ, ಮೆದುಳಿನಲ್ಲಿ. 50 ಪಟ್ಟು ಮೈ ಹಿಗ್ಗಿಸಿದಾಗ ಒಟ್ಟು ಇಂಪೀಡೆನ್ಸ್ ಸುಮಾರು 97 ಕಿಲೋಓಮ್, 500 ಪಟ್ಟು ಹಿಗ್ಗಿಸಿದಾಗ 83. ಆ 14 ಕಿಲೋಓಮ್‌ಗಾಗಿ ವರ್ಷಗಟ್ಟಲೆ ದುಡಿಯುವುದರಲ್ಲಿ ಅರ್ಥವಿಲ್ಲ. ಮಾಡೆಲ್‌ನಿಂದ ಏನು ಗೊತ್ತಾಗುತ್ತದೆ ಅಂತ ಕೇಳಿದ್ದೀರಲ್ಲ, ನನ್ನ ಪ್ರಕಾರ ಅದರ ಬಹುದೊಡ್ಡ ಉಪಯೋಗ ಇದೇ. ಎಲ್ಲಿ ದುಡಿದರೆ ಫಲ ಇಲ್ಲ ಅನ್ನುವುದನ್ನು ಅದು ಮೊದಲೇ ಹೇಳುತ್ತದೆ.

ಮೆದುಳಿನ ಸಿಗ್ನಲ್ ಹಿಡಿಯುವುದನ್ನು ಬಿಟ್ಟು ಮೆದುಳಿಗೆ ಕರೆಂಟ್ ಕೊಡುವ ವಿಷಯಕ್ಕೆ ಬಂದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಹೆಚ್ಚು ಮೈ ನಿಜವಾಗಿಯೂ ಬೇಕು. ಅದೇ ಬಿಲ್ಲೆಯಿಂದ 10 ಮೈಕ್ರೋಆಂಪ್ ಅನ್ನು 200 ಮೈಕ್ರೋಸೆಕೆಂಡ್ ಹರಿಸಿದರೆ 2 ನ್ಯಾನೋಕೂಲಂಬ್ ಚಾರ್ಜ್ ದಾಟುತ್ತದೆ. ಚದರ ಸೆಂಟಿಮೀಟರ್‌ಗೆ ಲೆಕ್ಕ ಹಾಕಿದರೆ 0.64 ಮಿಲಿಕೂಲಂಬ್. ನುಣುಪು ಪ್ಲಾಟಿನಮ್ ಸುರಕ್ಷಿತವಾಗಿ ತಾಳುವುದು 0.05ರಿಂದ 0.15 ಮಾತ್ರ. ಅದನ್ನು ಮೀರಿದರೆ ನೀರು ಒಡೆದು ಅನಿಲ ಹುಟ್ಟುತ್ತದೆ, ಲೋಹ ಕರಗುತ್ತದೆ, ಸುತ್ತಲಿನ ಅಂಗಾಂಶ ಹಾಳಾಗುತ್ತದೆ. ಇರಿಡಿಯಮ್ ಆಕ್ಸೈಡ್ 1ರಿಂದ 5 ಮಿಲಿಕೂಲಂಬ್ ತಾಳುತ್ತದೆ, ಪೆಡಾಟ್ ಅದಕ್ಕೂ ಹೆಚ್ಚು. ಹಾಗಂತ ಎಲೆಕ್ಟ್ರೋಡ್ ತಾಳಿದಷ್ಟೂ ಕೊಡುವ ಹಾಗಿಲ್ಲ. ಸಣ್ಣ ಎಲೆಕ್ಟ್ರೋಡ್‌ಗಳಿಗೆ ಒಂದು ಪಲ್ಸ್‌ಗೆ ಸುಮಾರು 4 ನ್ಯಾನೋಕೂಲಂಬ್ ಮೀರಬಾರದು ಅನ್ನುವ ಮಿತಿಯನ್ನು ಈ ಕ್ಷೇತ್ರದವರು ಪಾಲಿಸುತ್ತಾರೆ. ಅದು ಕೋಶಗಳ ಮಿತಿ, ಲೋಹದ್ದಲ್ಲ.

ಇಲ್ಲಿ ಮಾಡೆಲ್ ಇನ್ನೆರಡು ವಿಷಯ ತೋರಿಸುತ್ತದೆ. ಒಂದು, ಬಿಲ್ಲೆಯಿಂದ ಕರೆಂಟ್ ಸಮನಾಗಿ ಹೊರಡುವುದಿಲ್ಲ, ಅಂಚಿನಲ್ಲಿ ದಟ್ಟವಾಗುತ್ತದೆ. ಸರಾಸರಿ ನೋಡಿದರೆ ಎಲ್ಲ ಸರಿ ಇದ್ದರೂ ಅಂಚು ಮೊದಲು ಹಾಳಾಗುವುದು ಇದರಿಂದ. ಇನ್ನೊಂದು, ಲೇಪನದ ತೂತುಗಳು ತುಂಬಾ ಆಳವಾಗಿದ್ದರೆ 200 ಮೈಕ್ರೋಸೆಕೆಂಡ್‌ನಲ್ಲಿ ಅಯಾನುಗಳು ತಳದವರೆಗೆ ತಲುಪುವುದೇ ಇಲ್ಲ. ನಿಧಾನವಾಗಿ ಅಳೆದಾಗ ಕಾಣುವ ದೊಡ್ಡ ಕೆಪಾಸಿಟೆನ್ಸ್ ವೇಗದ ಪಲ್ಸ್‌ಗೆ ಸಿಗುವುದಿಲ್ಲ. ಪ್ರಬಂಧಗಳಲ್ಲಿ ದೊಡ್ಡ ಸಂಖ್ಯೆ ಕಂಡಾಗ ಅದನ್ನು ಯಾವ ವೇಗದಲ್ಲಿ ಅಳೆದಿದ್ದಾರೆ ಅಂತ ಮೊದಲು ಹುಡುಕಿ.

ಈಗ ಗ್ರಾಫೀನ್. ಒಂದೇ ಪದರದ ಗ್ರಾಫೀನ್ ಅನ್ನು ಎಲೆಕ್ಟ್ರೋಡ್ ಮಾಡಿದರೆ ಇಂಪೀಡೆನ್ಸ್ ಇಳಿಯುವ ಬದಲು ಅದೇ ಅಳತೆಯ ಪ್ಲಾಟಿನಮ್‌ಗಿಂತ ಹಲವು ಪಟ್ಟು ಹೆಚ್ಚುತ್ತದೆ! ಆ ಒಂದೇ ಪದರದಲ್ಲಿ ಇಲೆಕ್ಟ್ರಾನ್‌ಗಳಿಗೆ ಸಿಗುವ ಶಕ್ತಿಮಟ್ಟಗಳೇ ಕಡಿಮೆ. ಹಾಗಾಗಿ ಉಪ್ಪುನೀರಿನ ಕೆಪಾಸಿಟರ್‌ಗೆ ಸರಣಿಯಲ್ಲಿ ಇನ್ನೊಂದು ಸಣ್ಣ ಕೆಪಾಸಿಟರ್ ಸೇರಿಕೊಳ್ಳುತ್ತದೆ. ಇದನ್ನು ಕ್ವಾಂಟಮ್ ಕೆಪಾಸಿಟೆನ್ಸ್ ಅನ್ನುತ್ತಾರೆ. ಸರಣಿಯಲ್ಲಿ ಸಣ್ಣದೇ ಗೆಲ್ಲುವುದು ನಿಮಗೆ ಗೊತ್ತೇ ಇದೆ. ಹಾಗಿದ್ದೂ ಗ್ರಾಫೀನ್ ಯಾಕೆ ಬೇಕು? ಅದು ಪಾರದರ್ಶಕ. ಎಲೆಕ್ಟ್ರೋಡ್ ಮೇಲಿಂದಲೇ ಮೈಕ್ರೋಸ್ಕೋಪ್ ಇಟ್ಟು ಕೆಳಗಿನ ಕೋಶಗಳನ್ನು ನೋಡುತ್ತಾ ಸಿಗ್ನಲ್ ಕೂಡ ಹಿಡಿಯಬಹುದು. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ದುಯ್ಗು ಕುಜುಮ್ ಅವರ ತಂಡ ಗ್ರಾಫೀನ್ ಮೇಲೆ ಪ್ಲಾಟಿನಮ್ ನ್ಯಾನೋ ಕಣಗಳನ್ನು ಕೂರಿಸಿ, ಚಾರ್ಜ್‌ಗೆ ಬೇರೆ ದಾರಿ ಮಾಡಿಕೊಟ್ಟು, ಪಾರದರ್ಶಕತೆಯನ್ನು ಹೆಚ್ಚು ಕೆಡಿಸದೆ ಇಂಪೀಡೆನ್ಸ್ ಇಳಿಸಿತು. 2024ರಲ್ಲಿ ಅದೇ ತಂಡ ಇಲಿಗಳ ಮೆದುಳಿನ ಮೇಲ್ಮೈಯ ಸಿಗ್ನಲ್ ನೋಡಿ ಆಳದ ಕೋಶಗಳ ಚಟುವಟಿಕೆಯನ್ನು ನ್ಯೂರಲ್ ನೆಟ್‌ವರ್ಕ್ ಮೂಲಕ ಊಹಿಸಿ ತೋರಿಸಿತು. ಬಾರ್ಸಿಲೋನಾದವರು ಇನ್ನೊಂದು ದಾರಿ ಹಿಡಿದರು. ಅವರು ಒಂದು ಪದರದ ಬದಲು, ನ್ಯಾನೋ ತೂತುಗಳಿರುವ ಗ್ರಾಫೀನ್ ಪದರಗಳ ರಾಶಿಯನ್ನೇ ಬಳಸುತ್ತಾರೆ. 25 ಮೈಕ್ರೋಮೀಟರ್ ವ್ಯಾಸದ ಎಲೆಕ್ಟ್ರೋಡ್‌ನಲ್ಲಿ ಸುಮಾರು 25 ಕಿಲೋಓಮ್ ಸಿಕ್ಕಿದೆ (ಅಳೆದದ್ದು ಮೆದುಳಿಗಿಂತ ಚೆನ್ನಾಗಿ ಕರೆಂಟ್ ಹರಿಸುವ ಉಪ್ಪುನೀರಿನಲ್ಲಿ, ಹಾಗಾಗಿ ತಳವೂ ಕಡಿಮೆ). ಅಲ್ಲಿಂದ ಹುಟ್ಟಿದ ಇನ್‌ಬ್ರೇನ್ ಕಂಪನಿಯ ಗ್ರಾಫೀನ್ ಸಾಧನವನ್ನು 2024ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ, ಗೆಡ್ಡೆಯ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ, ಮೊದಲ ಬಾರಿ ಮನುಷ್ಯರ ಮೆದುಳಿನ ಮೇಲೆ ಇಟ್ಟು ನೋಡಿದರು. ಸ್ಯಾನ್ ಡಿಯಾಗೋದ್ದು, ಬಾರ್ಸಿಲೋನಾದ್ದು ಎರಡೂ ಗ್ರಾಫೀನ್ ಅಂತಲೇ ಸುದ್ದಿಯಾಗುತ್ತವೆ. ಆದರೆ ಎರಡೂ ಕೆಲಸ ಮಾಡುವ ರೀತಿಯೇ ಬೇರೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಯಂತ್ರಶಾಸ್ತ್ರದ ಭಾಗ. ಎಲೆಕ್ಟ್ರಾನಿಕ್ಸ್ ಓದಿದವರು ಸಾಮಾನ್ಯವಾಗಿ ಇದನ್ನು ಬಿಟ್ಟುಬಿಡುತ್ತಾರೆ. ಮೆದುಳು ಎಷ್ಟು ಮೆತ್ತಗಿದೆ ಅಂದರೆ ಅದರ ಯಂಗ್ಸ್ ಮಾಡ್ಯುಲಸ್ (ಗಟ್ಟಿತನದ ಅಳತೆ) ಕೆಲವೇ ಕಿಲೋಪ್ಯಾಸ್ಕಲ್. ಸಿಲಿಕಾನ್‌ದು ಸುಮಾರು 170 ಗಿಗಾಪ್ಯಾಸ್ಕಲ್. ನಡುವಿನ ಅಂತರ ಕೋಟಿ ಪಟ್ಟು ದಾಟುತ್ತದೆ. ಮೆದುಳು ಸುಮ್ಮನೆ ಕೂತಿರುವುದೂ ಇಲ್ಲ. ಉಸಿರಾಟಕ್ಕೆ, ನಾಡಿ ಬಡಿತಕ್ಕೆ ಸದಾ ಅಲುಗಾಡುತ್ತದೆ. ಗಟ್ಟಿ ಕಡ್ಡಿ ಅಲ್ಲೇ ಉಜ್ಜಿ ಉಜ್ಜಿ ವಾರಗಳಲ್ಲಿ ಅದರ ಸುತ್ತ ಗಾಯದ ಪೊರೆ ಬೆಳೆಯುತ್ತದೆ, ನರಕೋಶಗಳು ದೂರವಾಗುತ್ತವೆ. ಹಾಗಾಗಿ ಮೆತ್ತನೆಯ ಪಾಲಿಮರ್ ಬೇಕು, ತೆಳ್ಳಗಿರಬೇಕು. ಬಾಗುವ ಬಿಗಿತ ದಪ್ಪದ ಘನದಂತೆ ಏರುತ್ತದೆ. 15 ಮೈಕ್ರೋಮೀಟರ್ ಸಿಲಿಕಾನ್ ಬದಲು 5 ಮೈಕ್ರೋಮೀಟರ್ ಪಾಲಿಇಮೈಡ್ ಅನ್ನುವ ಪಾಲಿಮರ್ ಹಾಕಿದರೆ ಬಿಗಿತ ಸುಮಾರು 1800 ಪಟ್ಟು ಇಳಿಯುತ್ತದೆ. ಆ 1800ರಲ್ಲಿ 27 ಪಟ್ಟು ಬಂದದ್ದು ಬರೀ ದಪ್ಪ ಇಳಿಸಿದ್ದರಿಂದ.

ಆದರೆ ಇಷ್ಟು ಮೆತ್ತಗಿನ ದಾರವನ್ನು ಮೆದುಳಿಗೆ ಇಳಿಸುವುದು ಹೇಗೆ? 50 ಮೈಕ್ರೋಮೀಟರ್ ಅಗಲ, 3 ಮಿಲಿಮೀಟರ್ ಉದ್ದ ಇಟ್ಟು, ಒಂದು ತುದಿ ಬಿಗಿದದ್ದು, ಇನ್ನೊಂದು ಪಕ್ಕಕ್ಕೆ ಸರಿಯದೆ ತಿರುಗಬಲ್ಲದ್ದು ಅಂತ ಹಿಡಿದು, ಆಯ್ಲರ್ ಸೂತ್ರದಿಂದ (ಒತ್ತಿದ ಕಡ್ಡಿ ಎಷ್ಟು ಬಲಕ್ಕೆ ಬಾಗುತ್ತದೆ ಅಂತ ಹೇಳುವ ಸೂತ್ರ) ಲೆಕ್ಕ ಹಾಕಿ. ಸಿಲಿಕಾನ್ ಕಡ್ಡಿ 5 ಮಿಲಿನ್ಯೂಟನ್‌ವರೆಗೆ ಬಾಗದೆ ನಿಲ್ಲುತ್ತದೆ. ಮೆದುಳಿಗೆ ಚುಚ್ಚಲು ಬೇಕಾದ ಬಲ ಸುಮಾರು 1 ಮಿಲಿನ್ಯೂಟನ್, ಹಾಗಾಗಿ ಅದು ಸಲೀಸಾಗಿ ಇಳಿಯುತ್ತದೆ. ಪಾಲಿಇಮೈಡ್ ದಾರ ಬರೀ 3 ಮೈಕ್ರೋನ್ಯೂಟನ್‌ಗೇ ಮಡಚಿಕೊಳ್ಳುತ್ತದೆ. ಒಳಗೆ ಹೋಗುವಾಗ ಗಟ್ಟಿಯಾಗಿರಬೇಕು, ಹೋದ ಮೇಲೆ ಮೆತ್ತಗಾಗಬೇಕು. ಈ ಒಂದು ಬೇಡಿಕೆಯ ಸುತ್ತಲೇ ಎಷ್ಟೋ ಪ್ರಯೋಗಾಲಯಗಳು ಕೆಲಸ ಮಾಡುತ್ತಿವೆ. ನ್ಯೂರಾಲಿಂಕ್‌ನ (ಮೆದುಳಿಗೆ ಚಿಪ್ ಹಾಕುವ ಕಂಪನಿ) ರೋಬಾಟ್ ಟಂಗ್‌ಸ್ಟನ್ ರೀನಿಯಮ್ ಸೂಜಿಯಿಂದ ದಾರ ಇಳಿಸಿ ಸೂಜಿಯನ್ನು ವಾಪಸ್ ತೆಗೆಯುತ್ತದೆ. ಹಾರ್ವರ್ಡ್‌ನ ಚಾರ್ಲ್ಸ್ ಲೀಬರ್ ತಂಡ 2015ರಲ್ಲಿ ಜಾಳಿಗೆಯಂಥ ಸರ್ಕ್ಯೂಟನ್ನು ಸಿರಿಂಜ್ ಮೂಲಕವೇ ಒಳಗೆ ಬಿಟ್ಟಿತು. 2010ರಲ್ಲಿ ಜಾನ್ ರೋಜರ್ಸ್, ಫಿಯೊರೆಂಜೊ ಒಮೆನೆಟ್ಟೊ ತಂಡಗಳು ರೇಷ್ಮೆ ಪ್ರೋಟೀನಿನ ತೆಳುಹಾಳೆಯ ಮೇಲೆ ಎಲೆಕ್ಟ್ರೋಡ್ ಜಾಳಿಗೆಯನ್ನು ಇಟ್ಟು ಬೆಕ್ಕಿನ ಮೆದುಳಿನ ಮೇಲೆ ಹಾಸಿದವು. ಉಪ್ಪುನೀರಿಗೆ ರೇಷ್ಮೆ ಕರಗಿತು, ಜಾಳಿಗೆ ಮೆದುಳಿನ ಏರುತಗ್ಗಿಗೆ ಅಂಟಿಕೊಂಡಿತು. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಕೊಡುವ ಅದೇ ಹಿಪ್ಪುನೇರಳೆ ಹುಳದ ಪ್ರೋಟೀನ್ ಅದು. ನಮ್ಮಲ್ಲಿ ಈ ಕಡೆ ಇನ್ನೂ ಜಾಸ್ತಿ ಕೆಲಸ ಆಗಬೇಕು ಅಂತ ನನಗೆ ಬಹಳ ಆಸೆ.

ಮೆತ್ತಗಿದ್ದರೂ ಎಲ್ಲ ಮುಗಿಯಲಿಲ್ಲ. 2024ರ ಜನವರಿಯಲ್ಲಿ ನ್ಯೂರಾಲಿಂಕ್ ಮೊದಲ ಬಾರಿ ಮನುಷ್ಯರಿಗೆ ಸಾಧನ ಹಾಕಿತು, 64 ದಾರ, 1024 ಎಲೆಕ್ಟ್ರೋಡ್. ಕೆಲವು ವಾರಗಳಲ್ಲಿ ಹಲವು ದಾರಗಳು ಮೆದುಳಿನಿಂದ ಹಿಂದೆ ಸರಿದವು ಅಂತ ಕಂಪನಿಯೇ ಹೇಳಿತು. ಉಳಿದ ಎಲೆಕ್ಟ್ರೋಡ್‌ಗಳ ಸಿಗ್ನಲ್ ಓದುವ ಸಾಫ್ಟ್‌ವೇರ್ ಬದಲಿಸಿ ಕೆಲಸ ಮುಂದುವರಿಸಿದರು. ಅಲ್ಲಿ ಕೈಕೊಟ್ಟದ್ದು ಎಲೆಕ್ಟ್ರೋಡ್‌ನ ಲೇಪನವಲ್ಲ, ದಾರ ನಿಲ್ಲಬೇಕಾದ ಜಾಗದಲ್ಲಿ ನಿಲ್ಲಲಿಲ್ಲ.

ತಯಾರಿಕೆಯನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಸಿಲಿಕಾನ್ ವೇಫರ್ ಮೇಲೆ, ಆಮೇಲೆ ಕರಗಿಸಿ ತೆಗೆಯಬಹುದಾದ ಅಲ್ಯೂಮಿನಿಯಮ್‌ನಂಥ ಒಂದು ಪದರ ಹಾಕುತ್ತಾರೆ. ಅದರ ಮೇಲೆ ದ್ರವ ಪಾಲಿಇಮೈಡ್ ಸುರಿದು ವೇಫರನ್ನು ಗಿರ್ರನೆ ತಿರುಗಿಸಿದರೆ ಕೆಲವೇ ಮೈಕ್ರೋಮೀಟರ್‌ನ ಸಮ ಪದರ ಸಿಗುತ್ತದೆ. ಅದನ್ನು ನೈಟ್ರೋಜನ್‌ನಲ್ಲಿ ಸುಮಾರು 350 ಡಿಗ್ರಿಗೆ ಬೇಯಿಸುತ್ತಾರೆ. ಆಮೇಲೆ ಫೋಟೋರೆಸಿಸ್ಟ್ (ಬೆಳಕು ಬಿದ್ದರೆ ಬದಲಾಗುವ ಲೇಪನ), ಮಾಸ್ಕ್ (ತಂತಿಗಳ ಚಿತ್ರವಿರುವ ಅಚ್ಚು), ಅತಿನೇರಳೆ ಬೆಳಕು. ಬೆಳಕಿನಿಂದ ತೆರೆದ ಜಾಗಗಳಲ್ಲಿ ಹತ್ತಿಪ್ಪತ್ತು ನ್ಯಾನೋಮೀಟರ್ ಟೈಟಾನಿಯಮ್, ಮೇಲೆ ಚಿನ್ನ. ಚಿನ್ನ ನೇರವಾಗಿ ಪಾಲಿಮರ್‌ಗೆ ಅಂಟುವುದಿಲ್ಲ, ಅದಕ್ಕೇ ಟೈಟಾನಿಯಮ್. ನಂತರ ಅಸಿಟೋನ್‌ನಲ್ಲಿ ಮುಳುಗಿಸಿದರೆ ರೆಸಿಸ್ಟ್ ಕರಗಿ ಬೇಡದ ಚಿನ್ನವನ್ನೂ ಹೊತ್ತುಕೊಂಡು ಹೋಗುತ್ತದೆ, ತಂತಿಗಳು ಉಳಿಯುತ್ತವೆ. ಇಲ್ಲಿ ಆತುರ ಮಾಡಿದರೆ ತಂತಿಯ ಅಂಚಿನಲ್ಲಿ ಚಿನ್ನದ ಚೂಪು ಕಿವಿಗಳು ಎದ್ದು ನಿಲ್ಲುತ್ತವೆ. ಮೇಲಿನ ಪಾಲಿಇಮೈಡ್ ಪದರ ಅವನ್ನು ಮುಚ್ಚಲಾರದೆ ಅಲ್ಲೇ ಸೋರುತ್ತದೆ. ಎರಡನೇ ಪದರ ಹಾಕುವ ಮುಂಚೆ ಮೊದಲನೆಯದರ ಮೈಯನ್ನು ಆಕ್ಸಿಜನ್ ಪ್ಲಾಸ್ಮಾದಲ್ಲಿ ಸ್ವಲ್ಪ ಒರಟು ಮಾಡದಿದ್ದರೆ ಎರಡೂ ಪದರ ಬೆಸೆಯುವುದಿಲ್ಲ. ಮೇಲಿಂದ ನೋಡಿದರೆ ಎಲ್ಲ ಚೆನ್ನಾಗೇ ಕಾಣುತ್ತದೆ. ಉಪ್ಪುನೀರಿನಲ್ಲಿ ಇಟ್ಟ ಮೇಲೆ ಪದರಗಳು ಬಿಡಿಸಿಕೊಳ್ಳುತ್ತವೆ. ಕೊನೆಗೆ ಪ್ಲಾಸ್ಮಾದಿಂದಲೇ ಎಲೆಕ್ಟ್ರೋಡ್ ಕಿಟಕಿಗಳನ್ನು ಕೊರೆದು, ಪೆಡಾಟ್ ಅನ್ನು ಕರೆಂಟ್ ಹರಿಸಿ ಬೆಳೆಸಿ, ವೇಫರ್‌ನಿಂದ ಬಿಡಿಸುತ್ತಾರೆ.

ನ್ಯಾನೋ ವಸ್ತು ಇಡೀ ಕ್ರಮಕ್ಕೆ ಹೊಂದಬೇಕು ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಗ್ರಾಫೀನ್ ಬೆಳೆಯುವುದು ತಾಮ್ರದ ಹಾಳೆಯ ಮೇಲೆ, ಸುಮಾರು 1000 ಡಿಗ್ರಿಯಲ್ಲಿ. ಆ ಶಾಖಕ್ಕೆ ಪಾಲಿಇಮೈಡ್ ಉಳಿಯುವುದಿಲ್ಲ. ಹಾಗಾಗಿ ಬೇರೆ ಕಡೆ ಬೆಳೆಸಿ, ತಾಮ್ರ ಕರಗಿಸಿ, ತೇಲುವ ಗ್ರಾಫೀನನ್ನು ಎತ್ತಿ ತಂದು ಕೂರಿಸಬೇಕು. ತಾಮ್ರದ ಅಂಶ ಉಳಿದರೆ ಅದು ನರಕೋಶಗಳಿಗೆ ವಿಷ. ಪೆಡಾಟ್‌ಗೆ ಬೇರೆ ಕಷ್ಟ. ನೀರು ಕುಡಿದು ಊದಿಕೊಳ್ಳುತ್ತದೆ, ಅಂಟು ಸರಿಯಿಲ್ಲದಿದ್ದರೆ ಸಿಪ್ಪೆಯೇಳುತ್ತದೆ. ಬಾಳಿಕೆ ತಿಳಿಯಲು 67 ಡಿಗ್ರಿಯ ಉಪ್ಪುನೀರಿನಲ್ಲಿ ಇಟ್ಟು ನೋಡುವ ಪದ್ಧತಿ ಇದೆ. ಪ್ರತಿ 10 ಡಿಗ್ರಿಗೆ ವೇಗ ಎರಡು ಪಟ್ಟು ಅಂತ ಹಿಡಿದರೆ 37ಕ್ಕಿಂತ 8 ಪಟ್ಟು ಬೇಗ ಹಳತಾಗುತ್ತದೆ. ಆದರೆ ಆ ಪಾತ್ರೆಯಲ್ಲಿ ಉಸಿರಾಟದ ಅಲುಗಾಟ ಇಲ್ಲ, ರೋಗನಿರೋಧಕ ಕೋಶಗಳಿಲ್ಲ. ಮಾಡೆಲ್‌ನ ಕೊರತೆಯೂ ಅದೇ. ಮೊದಲ ದಿನದ ಎಲೆಕ್ಟ್ರೋಡನ್ನು ಅದು ಚೆನ್ನಾಗಿ ಹೇಳುತ್ತದೆ. ಆರು ತಿಂಗಳ ನಂತರ ಸುತ್ತಲಿನ ಪೊರೆ ಎಷ್ಟು ದಪ್ಪ, ಅದರ ವಾಹಕತೆ ಎಷ್ಟು ಅನ್ನುವುದನ್ನು ಪ್ರಾಣಿಗಳಲ್ಲಿ ಅಳೆದು ಮಾಡೆಲ್‌ಗೆ ನಾವೇ ಕೊಡಬೇಕು.

ಎಲ್ಲಿಂದ ಶುರು ಮಾಡಲಿ ಅಂದಿರಿ. ನರಕೋಶದ ಮಾಡೆಲ್‌ಗೆ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಕೊಟ್ಟ ಸಮೀಕರಣಗಳನ್ನು ಪೈಥಾನ್‌ನಲ್ಲಿ ನೀವೇ ಬರೆಯಿರಿ, ಆಮೇಲೆ ನ್ಯೂರಾನ್ ಸಾಫ್ಟ್‌ವೇರ್‌ಗೆ ಹೋಗಿ. ಅದು ಉಚಿತ. ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಉಪಿಂದರ್ ಭಲ್ಲಾ ಅವರ ತಂಡ ಬೆಳೆಸಿದ ಮೂಸ್ ಅನ್ನುವ ಸಾಫ್ಟ್‌ವೇರ್ ಕೂಡ ಉಚಿತ. ಎಲೆಕ್ಟ್ರೋಡ್ ಸುತ್ತಲಿನ ವಿದ್ಯುತ್ ಕ್ಷೇತ್ರಕ್ಕೆ ಕಾಮ್‌ಸೋಲ್ ಸಾಫ್ಟ್‌ವೇರ್ ದುಬಾರಿ, ಫೆನಿಕ್ಸ್ ಅಥವಾ ಎಲ್ಮರ್ ಸಾಕು. ಕ್ಲೀನ್‌ರೂಮ್ (ಇಂಥ ಸಾಧನ ಮಾಡುವ ಧೂಳಿಲ್ಲದ ಕೋಣೆ) ನೋಡಬೇಕು ಅಂದರೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ಸೆನ್ಸ್ ಅನ್ನುವ ನ್ಯಾನೋ ವಿಜ್ಞಾನ ಕೇಂದ್ರ ಇದೆ. ಐಎನ್‌ಯುಪಿ ಅನ್ನುವ ನ್ಯಾನೋ ಎಲೆಕ್ಟ್ರಾನಿಕ್ಸ್ ಬಳಕೆದಾರರ ಯೋಜನೆಯಲ್ಲಿ ಹೊರಗಿನ ಕಾಲೇಜಿನವರಿಗೂ ಅಲ್ಲಿ ತರಬೇತಿ ಕೊಡುತ್ತಾರೆ, ನಿಮ್ಮ ಮೇಷ್ಟ್ರ ಮೂಲಕ ವಿಚಾರಿಸಿ.

ಅಲ್ಲಿಯವರೆಗೆ ಕಾಯಬೇಕಿಲ್ಲ. ಕ್ಲಚ್ ಪೆನ್ಸಿಲ್‌ನ 0.5 ಮಿಲಿಮೀಟರ್ ಲೆಡ್ ತೆಗೆದುಕೊಂಡು ಪಕ್ಕಗಳಿಗೆಲ್ಲ ಉಗುರುಬಣ್ಣ ಹಚ್ಚಿ, ತುದಿ ಮಾತ್ರ ತೆರೆದಿರಲಿ. ಲೀಟರ್‌ಗೆ 9 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ ಮುಳುಗಿಸಿ, ಎದುರಿಗೆ ಒಂದು ದೊಡ್ಡ ಸ್ಟೀಲ್ ತಗಡು ಇಡಿ. ಸರಣಿಯಲ್ಲಿ 1 ಕಿಲೋಓಮ್ ರೆಸಿಸ್ಟರ್ ಹಾಕಿ, ಫಂಕ್ಷನ್ ಜನರೇಟರ್‌ನಿಂದ 50 ಮಿಲಿವೋಲ್ಟ್ ಮೀರದ ಸೈನ್ ಅಲೆ ಕೊಟ್ಟು, ಸ್ಕೋಪ್‌ನಲ್ಲಿ ಅಳೆಯಿರಿ. ತುದಿಯನ್ನು ಬಿಳಿ ಹಾಳೆಯ ಮೇಲೆ ನಯವಾಗಿ ಉಜ್ಜಿ ಒಮ್ಮೆ, ಒರಟು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಇನ್ನೊಮ್ಮೆ. 1 ಕಿಲೋಹರ್ಟ್ಸ್‌ನಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಬೇಕು. 100 ಕಿಲೋಹರ್ಟ್ಸ್‌ಗೆ ಏರಿಸಿದರೆ ಎರಡೂ ಹತ್ತಿರ ಹತ್ತಿರ 670 ಓಮ್ ಆಸುಪಾಸಿಗೆ ಬಂದು ನಿಲ್ಲಬೇಕು. ಉಪ್ಪುನೀರಿನ ವಾಹಕತೆ ಮೀಟರ್‌ಗೆ 1.5 ಸೀಮೆನ್ಸ್ ಅಂತ ಇಟ್ಟು, ಮೇಲೆ ಹೇಳಿದ ಬಿಲ್ಲೆಯ ಸೂತ್ರದಿಂದ ಆ ಸಂಖ್ಯೆಯನ್ನು ನೀವೇ ತೆಗೆದು ನೋಡಿ. ನಿಮ್ಮ ಅಳತೆ ಅದಕ್ಕಿಂತ ತುಂಬಾ ಹೆಚ್ಚು ಬಂದರೆ ಉಗುರುಬಣ್ಣ ತುದಿಯನ್ನೂ ಸ್ವಲ್ಪ ಮುಚ್ಚಿರುತ್ತದೆ. ತುಂಬಾ ಕಡಿಮೆ ಬಂದರೆ ಪಕ್ಕದಲ್ಲಿ ಎಲ್ಲೋ ಬಿರುಕು ಬಿಟ್ಟು ಸೋರುತ್ತಿದೆ ಅಂತ ತಿಳಿದು ಇನ್ನೊಂದು ಕೋಟ್ ಹಚ್ಚಿ.